ಸೀಲು ಬಿತ್ತು, ಸೈಟು ಸಿಕ್ಕಿತೇ?

ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಕ್ರಯಪತ್ರ ಹಿಡಿದು ಹೊರಬಂದವರ ಮುಖ ನೋಡಬೇಕು. ಮಗಳ ಮದುವೆ ಮುಗಿಸಿದಷ್ಟು ನಿರಾಳ. ಹೆಬ್ಬೆಟ್ಟು ಒತ್ತಿದ್ದಾಯಿತು, ಫೋಟೋ ತೆಗೆದದ್ದಾಯಿತು, ಸರ್ಕಾರದ ಮೊಹರೂ ಬಿತ್ತು. ‘ರಿಜಿಸ್ಟ್ರೇ ಆಗೋಯ್ತಲ್ರೀ, ಇನ್ಯಾರು ಏನ್ ಮಾಡ್ತಾರೆ?’ ಎಂದು ಸಾಕ್ಷಿಗಳಿಗೆ ಕಾಫಿ ಕೊಡಿಸಿ ಬಸ್ಸು ಹತ್ತುತ್ತಾರೆ.

ಈ ಧೈರ್ಯವೇ ಎಷ್ಟೋ ಜನರನ್ನು ಆಮೇಲೆ ಸಿವಿಲ್ ಕೋರ್ಟಿನ ಮೆಟ್ಟಿಲು ಹತ್ತಿಸುವುದು.

ಸಬ್ ರಿಜಿಸ್ಟ್ರಾರ್ ನೋಡುವುದೇನು? ಎದುರು ನಿಂತವರು ಪತ್ರದಲ್ಲಿ ಹೆಸರಿರುವವರೇ ಹೌದೇ, ಸಹಿ ತಮ್ಮದೇ ಎಂದು ಒಪ್ಪುತ್ತಾರೆಯೇ, ಮುದ್ರಾಂಕ ಶುಲ್ಕ ಸರಿಯಾಗಿ ಕಟ್ಟಿದ್ದಾರೆಯೇ, ಬೇಕಾದ ಕಾಗದಗಳು ಜೊತೆಗಿವೆಯೇ ಎಂಬುದನ್ನು. ಮಾರುವವನಿಗೆ ಆ ಆಸ್ತಿ ನಿಜಕ್ಕೂ ಸೇರಿದ್ದೇ ಎಂದು ತೀರ್ಪು ಹೇಳುವುದು ಅವರ ಕೆಲಸವಲ್ಲ. ತಮಿಳುನಾಡಿನ ನಿಯಮವೊಂದು ಮಾರುವವರು ಮೂಲಪತ್ರ ತೋರಿಸದಿದ್ದರೆ ನೋಂದಣಿ ಬೇಡ ಎನ್ನುತ್ತಿತ್ತು. 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನೇ ರದ್ದು ಮಾಡಿತು. ಮಾರುವವನ ಹಕ್ಕನ್ನು ತೂಗಿ ನೋಡುವ ಅಧಿಕಾರವನ್ನು 1908ರ ನೋಂದಣಿ ಕಾಯ್ದೆ ಸಬ್ ರಿಜಿಸ್ಟ್ರಾರರಿಗೆ ಕೊಟ್ಟಿಲ್ಲ ಎಂಬುದೇ ಕಾರಣ.

ಅಂದರೆ ಕಚೇರಿ ಬರೆದುಕೊಳ್ಳುತ್ತದೆ, ಹೊಣೆ ಹೊರುವುದಿಲ್ಲ. ಇಲ್ಲದ ಹಕ್ಕನ್ನು ಒಬ್ಬ ಮಾರಿದರೆ, ಎಷ್ಟು ಸೀಲು ಬಿದ್ದರೂ ಕೊಂಡವನ ಕೈಗೆ ಬರುವುದು ಆ ಇಲ್ಲದ ಹಕ್ಕೇ.

‘ಖಾತೆ ಅವನ ಹೆಸರಿನಲ್ಲೇ ಇದೆಯಲ್ಲ ಸ್ವಾಮಿ’ ಎನ್ನುವವರುಂಟು. 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತೆ ಕಡ್ಡಾಯವಾಗಿದೆ. ಒಬ್ಬರ ಸೈಟನ್ನು ಇನ್ನೊಬ್ಬರು ಮಾರುವ ಕೆಲಸಕ್ಕೆ ಅದರಿಂದ ಸ್ವಲ್ಪ ಕಡಿವಾಣ ಬಿದ್ದಿರುವುದು ನಿಜ. ಆದರೆ ಖಾತೆ ಎಂದರೆ ಕಂದಾಯ ಯಾರು ಕಟ್ಟಬೇಕೆಂಬ ಲೆಕ್ಕ. ಅದೇ ಒಡೆತನದ ಪತ್ರವಲ್ಲ ಎಂದು ನ್ಯಾಯಾಲಯಗಳು ಹೇಳುತ್ತಲೇ ಬಂದಿವೆ.

ಹಾಗಾದರೆ ರಿಜಿಸ್ಟರ್ ಮಾಡಿಸುವುದೇ ದಂಡವೇ? ಅದು ಇನ್ನೂ ದೊಡ್ಡ ತಪ್ಪು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇಕಡ 1ರಿಂದ 2ಕ್ಕೆ ಏರಿದೆ. 20 ಲಕ್ಷದ ಸೈಟಿಗೆ 20 ಸಾವಿರ ಇದ್ದದ್ದು 40 ಸಾವಿರ ಆಗಿದೆ. ಮುದ್ರಾಂಕ ಶುಲ್ಕ ಬೇರೆ. ಇಷ್ಟು ದುಡ್ಡು ಯಾಕೆ ಸುರೀಬೇಕು, ಅಗ್ರಿಮೆಂಟ್ ಮಾಡಿಕೊಂಡು ಒಂದು ಜಿ.ಪಿ.ಎ. ಬರೆಸಿಕೊಂಡರೆ ಸಾಲದೇ ಎಂದು ಲೆಕ್ಕ ಹಾಕುವವರು ಪೇಟೆಯಲ್ಲಿ ಕಡಿಮೆಯಿಲ್ಲ. ಅವರು ಒಂದು ಮಾತು ತಿಳಿದಿರಬೇಕು. ನೂರು ರೂಪಾಯಿ ಬಾಳುವ ಸ್ಥಿರಾಸ್ತಿಯಾದರೂ ಮಾರಾಟವೆಂದರೆ ಅದು ನೋಂದಣಿಯಾದ ಪತ್ರದಿಂದಲೇ ಆಗಬೇಕು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಮಾತು ಇದು. ಜಿ.ಪಿ.ಎ., ಅಗ್ರಿಮೆಂಟು, ವಿಲ್ಲು ಸೇರಿಸಿ ಮಾಡುವ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು 2011ರಲ್ಲೇ ಸುಪ್ರೀಂ ಕೋರ್ಟು ಖಂಡತುಂಡವಾಗಿ ಹೇಳಿದೆ. ಅಗ್ರಿಮೆಂಟ್ ಇದ್ದವನಿಗೆ ಹೆಚ್ಚೆಂದರೆ ‘ಪತ್ರ ಮಾಡಿಕೊಡಿ’ ಎಂದು ದಾವಾ ಹೂಡುವ ಹಕ್ಕು ಸಿಗುತ್ತದೆ, ಆಸ್ತಿ ಅಲ್ಲ.

ನೋಂದಣಿಯ ನಿಜವಾದ ಲಾಭ ಬೇರೆ ಇದೆ. ವ್ಯವಹಾರ ಸರ್ಕಾರದ ಪುಸ್ತಕಕ್ಕೆ ಹತ್ತುತ್ತದೆ. ನಾಳೆ ಅದೇ ಸೈಟನ್ನು ಇನ್ನೊಬ್ಬರಿಗೆ ಮಾರಲು ಹೊರಟರೆ, ಹುಡುಕುವವರ ಕಣ್ಣಿಗೆ ಅದು ಬೀಳುತ್ತದೆ. ಪತ್ರ ಗೆದ್ದಲು ತಿಂದರೂ ದೃಢೀಕೃತ ನಕಲು ಸಿಗುತ್ತದೆ. ಸಹಿಯಾದ 4 ತಿಂಗಳೊಳಗೆ ಕಚೇರಿಗೆ ಹಾಜರುಪಡಿಸಬೇಕು ಎಂಬುದೊಂದು ನೆನಪಿದ್ದರೆ ಆಯಿತು.

ಆದ್ದರಿಂದ ರಿಜಿಸ್ಟರ್ ಬೇಕೇ ಬೇಕು, ಆದರೆ ಅಷ್ಟೇ ಸಾಲದು. ಮುಂಗಡ ಕೊಡುವ ಮುಂಚೆ ನೋಡಬೇಕಾದದ್ದು ನಾಲ್ಕೇ ವಿಷಯ.

ಒಂದು, ಇ.ಸಿ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ, ಅದೂ ಕೇಳಿದ ವರ್ಷಗಳದ್ದು ಮಾತ್ರ. ಬಾಯಿಮಾತಿನ ಪಾಲುಪಟ್ಟಿ, ನೋಂದಣಿಯಾಗದ ವಿಲ್ಲು ಅಲ್ಲಿ ಇರುವುದಿಲ್ಲ. ‘ಇ.ಸಿ. ಕ್ಲೀನ್ ಇದೆ’ ಎಂಬ ದಲ್ಲಾಳಿಯ ಮಾತಿಗೆ ಇಷ್ಟೇ ಬೆಲೆ.

ಎರಡು, ಮೂಲಪತ್ರ. ಜೆರಾಕ್ಸ್ ಅಲ್ಲ, ಅಸಲು ಪತ್ರವನ್ನೇ ಕಣ್ಣಾರೆ ನೋಡಬೇಕು. ಪತ್ರವನ್ನು ಅಡವಿಟ್ಟು ತಂದ ಸಾಲ ಎಲ್ಲ ಸಲವೂ ಇ.ಸಿ.ಯಲ್ಲಿ ಕಾಣುವುದಿಲ್ಲ.

ಮೂರು, ಮನೆಯ ಹೆಣ್ಣುಮಕ್ಕಳ ಸಹಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಉಂಟು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಅದು ಹುಟ್ಟಿನಿಂದಲೇ ಬರುವ ಹಕ್ಕು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. ಆದರೂ ‘ತಂಗಿ ಮದ್ವೆಯಾಗಿ ಹೋಗವ್ಳೆ, ಅವಳನ್ಯಾಕೆ ಕರೀತೀರಿ’ ಎನ್ನುವ ಅಣ್ಣಂದಿರು ಇನ್ನೂ ಇದ್ದಾರೆ. ಆ ಮಾತು ನಂಬಿ ಕೊಂಡವರು ಅಣ್ಣತಂಗಿಯರ ದಾವೆಯಲ್ಲಿ ಪ್ರತಿವಾದಿಗಳಾಗಿ ವರ್ಷಗಟ್ಟಲೆ ವಾಯಿದೆಗೆ ಓಡಾಡಬೇಕಾಗುತ್ತದೆ.

ನಾಲ್ಕು, ಚಕ್ಕುಬಂದಿ. ಪತ್ರದಲ್ಲಿ 30 ಅಡಿ ಇದ್ದು ನೆಲದ ಮೇಲೆ 26 ಅಡಿ ಇದ್ದರೆ ಉಳಿದ 4 ಅಡಿಯನ್ನು ಯಾವ ಕಚೇರಿಯೂ ತಂದುಕೊಡದು. ಟೇಪು ಹಿಡಿದು ಅಳೆಯುವುದೇ ದಾರಿ. ಪತ್ರವಾದ ಮೇಲೂ ಪುರಸಭೆಯಲ್ಲೋ ಪಂಚಾಯಿತಿಯಲ್ಲೋ ಖಾತೆ ತಮ್ಮ ಹೆಸರಿಗೆ ಬಂತೇ ಎಂದು ಬೆನ್ನು ಹತ್ತಬೇಕು.

ಇದೆಲ್ಲ ವಕೀಲರು ನೋಡುವ ಕೆಲಸ ಎನ್ನಬಹುದು. ಸರಿ. ಆದರೆ ದಿನಸಿ ಅಂಗಡಿಯಲ್ಲಿ ಹತ್ತು ಹತ್ತು ರೂಪಾಯಿ ಕೂಡಿಸಿ 20x30 ಸೈಟು ಕೊಳ್ಳುವವರು ವಕೀಲರ ಫೀಸು ಉಳಿಸಲು ನೋಡುತ್ತಾರೆ. ಸರ್ಕಾರದ ಮೊಹರೇ ಖಾತರಿ ಎಂದು ನಂಬಿದ್ದರಿಂದಲೇ ಹಾಗೆ ಮಾಡುತ್ತಾರೆ. ಆ ನಂಬಿಕೆ ತಪ್ಪೆಂದು ಹೇಳಬೇಕಾದವರು ಯಾರು?

ಶುಲ್ಕ ತೆಗೆದುಕೊಳ್ಳುವವರೇ ಹೇಳಬೇಕು. ಕಾವೇರಿ ಕಂಪ್ಯೂಟರ್ ವ್ಯವಸ್ಥೆ ಬಂತು, 2023ರಲ್ಲಿ ಅದರ ಹೊಸ ಆವೃತ್ತಿಯೂ ಬಂತು. 2024ರ ಸೆಪ್ಟೆಂಬರ್‌ನಿಂದ ಜಿಲ್ಲೆಯ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಪತ್ರ ಮಾಡಿಸುವ ಅನುಕೂಲವಾಯಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಪತ್ರ ಬೇಗ ಆದಷ್ಟೂ ಯೋಚಿಸುವ ಹೊತ್ತು ಕಡಿಮೆಯಾಗುತ್ತದೆ. ಬೀಡಿ ಕಟ್ಟಿನ ಮೇಲೂ ಎಚ್ಚರಿಕೆ ಹಾಕಿಸುವ ಸರ್ಕಾರಕ್ಕೆ ಪ್ರತಿ ನೋಂದಣಿ ಕಚೇರಿಯ ಗೋಡೆಗೆ ದಪ್ಪಕ್ಷರದ ಒಂದು ಕನ್ನಡ ಫಲಕ ಹಾಕಿಸುವುದು ಕಷ್ಟವಲ್ಲ: ಇಲ್ಲಿ ನೋಡುವುದು ಇಷ್ಟು, ನೋಡದಿರುವುದು ಇಷ್ಟು, ಅದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು. ಅದೇ ಮಾತನ್ನು ಶುಲ್ಕ ಕಟ್ಟಿದ ರಸೀದಿಯಲ್ಲೂ ಅಚ್ಚು ಹಾಕಿಸಲಿ. ಕಾನೂನು ತಿದ್ದುಪಡಿ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ. ಶುಲ್ಕ ಇಮ್ಮಡಿ ಕೊಡುವ ಜನ ಕನಿಷ್ಠ ಈ ನಾಲ್ಕು ಸಾಲನ್ನು ಕೇಳಿ ಪಡೆಯಬೇಕು. ಕೊಡದಿದ್ದರೆ ಊರಿನ ವರ್ತಕರ ಸಂಘದವರೇ ಫಲಕ ಬರೆಸಿ ಜಿಲ್ಲಾ ನೋಂದಣಾಧಿಕಾರಿಗಳ ಮೇಜಿನ ಮೇಲಿಟ್ಟು ಬರಲಿ.