ತಪ್ಪಿತಸ್ಥರನ್ನು ಹುಡುಕುವ ಮೊದಲು ಬಾಗಿಲು ತಟ್ಟಿ

ಹೆತ್ತವರನ್ನು ಆಸ್ಪತ್ರೆಯಲ್ಲಿ ಬಿಟ್ಟುಹೋಗುವ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಪತ್ರ ರದ್ದಾಗಬೇಕು ಎಂದು 2025ರಲ್ಲಿ ಕರ್ನಾಟಕದ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಹೇಳಿದಾಗ ಮೆಚ್ಚಿದವರು ಬಹಳ. ತೊರೆದವರಿಗೆ ಶಿಕ್ಷೆಯಾಗಲಿ, ನನ್ನ ತಕರಾರಿಲ್ಲ. ಆದರೆ ಯಾರೂ ತೊರೆಯದಿದ್ದರೂ ತಮ್ಮನ್ನು ತಾವೇ ಕೈಬಿಟ್ಟ ಹಿರಿಯರ ಬಗ್ಗೆ ನಾವು ಬಾಯಿಬಿಡುವುದೇ ಇಲ್ಲ.

ಇಂಥ ಒಂದು ಮನೆಯನ್ನು ಊಹಿಸಿಕೊಳ್ಳಿ: ಮಗ ತಿಂಗಳಿಗೆ ಸರಿಯಾಗಿ ದುಡ್ಡು ಕಳಿಸುತ್ತಾನೆ, ಭಾನುವಾರ ವಿಡಿಯೊ ಕಾಲ್ ಮಾಡುತ್ತಾನೆ. ಇತ್ತ ತಾಯಿ, ಒಬ್ಬಳಿಗೋಸ್ಕರ ಏನು ಅಡುಗೆ ಎಂದು ಒಲೆ ಹಚ್ಚುವುದನ್ನೇ ಬಿಟ್ಟಿದ್ದಾಳೆ. ಕಾಫಿ, ಬನ್ನಿನಲ್ಲೇ ದಿನ ದೂಡುತ್ತಾಳೆ. ಜಾರಿಬಿದ್ದೇನೆಂಬ ಭಯಕ್ಕೆ ಸ್ನಾನ ಅಪರೂಪ. ಶುಗರ್ ಮಾತ್ರೆ ಡಬ್ಬಿಯಲ್ಲೇ ಇದೆ. ಕೇಳಿದರೆ, ‘ನನಗೇನಾಗಿದೆ, ಚೆನ್ನಾಗೇ ಇದ್ದೀನಿ’ ಅನ್ನುತ್ತಾಳೆ. ಹಿರಿಯ ನಾಗರಿಕರ 2007ರ ಕಾಯ್ದೆಯಲ್ಲಿ ಜೀವನಾಂಶಕ್ಕೆ ಉಪವಿಭಾಗಾಧಿಕಾರಿಗೆ ಅರ್ಜಿ ಹಾಕಬಹುದು. ತೊರೆದವರಿಗೆ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡವೂ ಉಂಟು. ಈ ತಾಯಿ ಯಾರ ಮೇಲೆ ದೂರು ಕೊಡಬೇಕು?

‘ಹಠಮಾರಿ ಮುದುಕಿ’ ಎಂದು ನೆರೆಯವರು ಸುಮ್ಮನಾಗುತ್ತಾರೆ. ಆ ಹಠದ ಹಿಂದೆ ಖಿನ್ನತೆ ಇರಬಹುದು, ಮರೆವಿನ ಕಾಯಿಲೆಯ ಆರಂಭವಿರಬಹುದು, ಬಿ12 ಕೊರತೆಯೋ ಥೈರಾಯ್ಡೋ ಇರಬಹುದು, ಮೂತ್ರ ತಡೆಯಲಾಗದ ನಾಚಿಕೆಯೇ ಇರಬಹುದು. ಹಲವಕ್ಕೆ ಮದ್ದಿದೆ. ಇದು ಬಡವರ, ಬುದ್ಧಿ ಕೆಟ್ಟವರ ಪಾಡು ಎಂಬ ನಂಬಿಕೆಯೂ ಸುಳ್ಳು. ತಮ್ಮನ್ನು ತೀರಾ ಅಲಕ್ಷಿಸಿಕೊಂಡು ಆಸ್ಪತ್ರೆ ಸೇರಿದ 30 ವೃದ್ಧರ ಕುರಿತು 1975ರಲ್ಲಿ ಬ್ರಿಟನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಅಧ್ಯಯನವೊಂದು ಬಂತು: ಅರ್ಧದಷ್ಟು ಜನರಲ್ಲಿ ಮನೋರೋಗದ ಸುಳಿವಿರಲಿಲ್ಲ, ಹಲವರು ಒಳ್ಳೆಯ ವೃತ್ತಿಯಲ್ಲಿದ್ದು ಬಾಳಿದವರು. ಇಂಗ್ಲೆಂಡಿನ 2014ರ ಆರೈಕೆ ಕಾಯ್ದೆಯ ಮಾರ್ಗಸೂಚಿ ಇಂಥ ಅಲಕ್ಷ್ಯವನ್ನು ವಯಸ್ಕರ ರಕ್ಷಣೆಯ ಹೊಣೆಯೊಳಗೇ ಸೇರಿಸಿದೆ.

‘ಅವರ ಬದುಕು, ಅವರಿಷ್ಟ’ ಎನ್ನುವವರಿದ್ದಾರೆ. ಒಪ್ಪುತ್ತೇನೆ, ಬಲವಂತವಾಗಿ ಆಶ್ರಮಕ್ಕೆ ಸಾಗಿಸುವುದು ಕ್ರೌರ್ಯ. ಆ ಭಯಕ್ಕೇ ಎಷ್ಟೋ ಹಿರಿಯರು ಬಾಗಿಲು ಹಾಕಿಕೊಳ್ಳುತ್ತಾರೆ. ಆದರೆ ಚಿಕಿತ್ಸೆ ಸಿಗದ ಖಿನ್ನತೆ ಆಡಿಸುವ ಮಾತನ್ನು ಇಷ್ಟವೆಂದು ಕರೆದು ಕೈತೊಳೆದುಕೊಳ್ಳುವುದು ಯಾವ ಗೌರವ?

ಹಿರಿಯರಿಗಾಗಿ 14567 ಸಹಾಯವಾಣಿ ಇದೆ, ಆದರೆ ‘ಚೆನ್ನಾಗಿದ್ದೀನಿ’ ಎನ್ನುವವರು ಕರೆ ಮಾಡುವುದಿಲ್ಲ. ಬಿಪಿ, ಶುಗರ್ ನೋಡಲು ‘ಗೃಹ ಆರೋಗ್ಯ’ ಯೋಜನೆಯಡಿ ಸರ್ಕಾರ ಈಗಾಗಲೇ ಮನೆಮನೆಗೆ ಹೋಗುತ್ತಿದೆ. ಹೋದವರು ಅಡುಗೆಮನೆಯನ್ನೂ ನೋಡಲಿ, ಉಳಿದ ಮಾತ್ರೆಗಳನ್ನು ಎಣಿಸಲಿ, ತೂಕ ಇಳಿದಿದೆಯೇ ಎಂದು ಬರೆದುಕೊಳ್ಳಲಿ. ಬೇಡವೆಂದವರ ಮನೆಗೆ ಮುಂದಿನ ವಾರ ಮತ್ತೆ ಅದೇ ಮುಖ ಹೋಗಲಿ, ವಿಶ್ವಾಸ ಹುಟ್ಟುವವರೆಗೂ. ಈ ಕೆಲಸವನ್ನು ಆಶಾ ಕಾರ್ಯಕರ್ತೆಯರ ಮೇಲೆ ಬಿಟ್ಟಿ ಹೊರಿಸದೆ, ಪ್ರತ್ಯೇಕ ಸಂಬಳ ಕೊಟ್ಟು ಮಾಡಿಸಬೇಕು. ಮುಂದಿನ ಬಜೆಟ್ಟಿನಲ್ಲೇ ಅದಕ್ಕೆ ಹಣ ಇಡಬೇಕು.