ರೂಪದರ್ಶಿಗಳ ಸಂಸ್ಥೆಗಳು: ಸಾಚಾ ಯಾವುದು, ಸೋಗು ಯಾವುದು?

ತುಮಕೂರು, ಗುಬ್ಬಿ, ಕುಣಿಗಲ್ ಊರುಗಳು ರಾಜಧಾನಿಗೆ ಸಮೀಪದಲ್ಲಿರುವುದರಿಂದ ಅಲ್ಲಿನ ತರುಣ ತರುಣಿಯರಿಗೆ ಲಾಭವುಂಟು. ಅದೇ ಸಾಮೀಪ್ಯದಿಂದ ಅಪಾಯವೂ ಉಂಟು. ಬೆಳಗಿನ ರೈಲನ್ನು ಹತ್ತಿದವರು ಮಧ್ಯಾಹ್ನದೊಳಗೆ ಬೆಂಗಳೂರಿನ ಯಾವುದೋ ಕಚೇರಿಯಲ್ಲಿ ಹಣ ಕಟ್ಟಿ, ಸಂಜೆಯ ರೈಲಿಗೆ ಬರಿಗೈಯಲ್ಲಿ ಹಿಂದಿರುಗಬಹುದು. ಈಗಂತೂ ರೈಲು ಹತ್ತುವ ಶ್ರಮವೂ ಬೇಕಿಲ್ಲ. ರೂಪದರ್ಶಿಗಳು ಬೇಕಾಗಿದ್ದಾರೆ, ಅನುಭವ ಬೇಕಿಲ್ಲ ಎಂಬ ಜಾಹೀರಾತು ಅಂಗೈಯ ಮೊಬೈಲಿಗೇ ಬರುತ್ತದೆ. ಹಣವೂ ಅಲ್ಲಿಂದಲೇ ಹೋಗುತ್ತದೆ. ಇಂತಹ ಕರೆಗಳಲ್ಲಿ ಸಾಚಾ ಯಾವುದು, ಸೋಗು ಯಾವುದು ಎಂಬುದನ್ನು ವಿವೇಚಿಸಬೇಕಾದ ಕಾಲವೀಗ ಬಂದಿದೆ.

ರೂಪದರ್ಶಿಯ ವೃತ್ತಿಯು ನಿಂದ್ಯವಾದುದಲ್ಲವೆಂಬುದನ್ನು ಮೊದಲೇ ಸ್ಪಷ್ಟಪಡಿಸುತ್ತೇವೆ. ಸೀರೆಯ ವ್ಯಾಪಾರಿಗೂ ಒಡವೆಯ ವ್ಯಾಪಾರಿಗೂ ಜಾಹೀರಾತು ಬೇಕು. ಅದರಲ್ಲಿ ಕಾಣಿಸಿಕೊಂಡವರಿಗೆ ಸಂಭಾವನೆ ಸಲ್ಲಬೇಕು. ಈ ಇಬ್ಬರನ್ನು ಕೂಡಿಸುವ ಸಂಸ್ಥೆಯು ಆ ಸಂಭಾವನೆಯಲ್ಲಿ ಗೊತ್ತಾದ ಒಂದು ಪಾಲನ್ನು ದಲ್ಲಾಳಿಯೆಂದು ಪಡೆಯುವುದು ನ್ಯಾಯವೇ ಸರಿ. ಅಂದರೆ ಹಣವು ವ್ಯಾಪಾರಿಯಿಂದ ಹೊರಟು ರೂಪದರ್ಶಿಗೆ ಬಂದು ಸೇರತಕ್ಕದ್ದು. ಎಲ್ಲಿ ಅದು ರೂಪದರ್ಶಿಯ ಮನೆಯಿಂದ ಹೊರಟು ಸಂಸ್ಥೆಯಲ್ಲಿಯೇ ನಿಂತುಬಿಡುವುದೋ, ಅಲ್ಲಿ ಕೆಲಸ ಕೊಡಿಸುವ ಅವಶ್ಯಕತೆಯೇ ಸಂಸ್ಥೆಗಿಲ್ಲ. ಆಶೆಯನ್ನು ಮಾರುವುದೇ ಅದರ ವ್ಯಾಪಾರ. ಹಣವು ಹರಿಯುವ ದಿಕ್ಕನ್ನು ನೋಡುವುದೇ ಎಲ್ಲಕ್ಕಿಂತ ಮೇಲಾದ ಪರೀಕ್ಷೆ.

ಈ ಪರೀಕ್ಷೆಯನ್ನು ಗುಬ್ಬಿಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. 1884ರಲ್ಲಿ ಆ ಊರಿನಲ್ಲಿ ಹುಟ್ಟಿದ ನಾಟಕ ಕಂಪನಿಗೆ ವೀರಣ್ಣನವರು ಬಾಲನಟರಾಗಿ ಸೇರಿ, 1917ರಲ್ಲಿ ಅದರ ಒಡೆಯರಾದರು. ರಾಜಕುಮಾರ್, ನರಸಿಂಹರಾಜು, ಜಿ. ವಿ. ಅಯ್ಯರ್, ಬಿ. ವಿ. ಕಾರಂತರಂತಹವರು ಆ ಕಂಪನಿಯ ನೆರಳಿನಲ್ಲಿ ಪಳಗಿದವರು. ಕಂಪನಿಯ ಬದುಕು ನಡೆದುದು ಟಿಕೀಟು ಕೊಂಡ ಪ್ರೇಕ್ಷಕರಿಂದ. ವೇದಿಕೆಯೇರಲು ಹಂಬಲಿಸಿದ ಬಡ ಹುಡುಗರ ತಂದೆತಾಯಿಗಳಿಂದಲ್ಲ.

ಸೋಗಿನ ಸಂಸ್ಥೆಯ ರೀತಿಯೇ ಬೇರೆ. ಮೊದಲು ಹೊಗಳಿಕೆ, ಬಳಿಕ ನೋಂದಣಿ ಶುಲ್ಕ, ಅನಂತರ ‘ಪೋರ್ಟ್‌ಫೋಲಿಯೊ’ ಎಂಬ ಭಾವಚಿತ್ರಗಳ ಸಂಪುಟ. ರೂಪದರ್ಶಿಗೆ ಒಳ್ಳೆಯ ಭಾವಚಿತ್ರಗಳು ಬೇಕೆಂಬುದು ನಿಜ. ಆದರೆ ಅವನ್ನು ತಮ್ಮವನೇ ಆದ ಒಬ್ಬ ಛಾಯಾಗ್ರಾಹಕನಿಂದಲೇ, ತಾವು ಹೇಳಿದ ಬೆಲೆಗೇ ತೆಗೆಸಬೇಕೆಂಬ ನಿರ್ಬಂಧವು ಸಂಶಯಾಸ್ಪದವಾದುದು. ಶಿಕ್ಷಣಶಾಲೆಯು ಶುಲ್ಕ ಪಡೆಯಬಹುದು. ಆದರೆ ಶಿಕ್ಷಣದ ಶುಲ್ಕವನ್ನು ಉದ್ಯೋಗದ ಭರವಸೆಯೆಂದು ಮಾರಕೂಡದು. ಈ ದಿನವೇ ಹಣ ಕಟ್ಟಬೇಕೆಂಬ ಅವಸರ, ಕರಾರುಪತ್ರವನ್ನು ಮನೆಗೆ ಒಯ್ದು ಓದಗೊಡದಿರುವುದು, ಖಾಸಗಿ ವ್ಯಕ್ತಿಯ ಖಾತೆಗೆ ಹಣ ಕೇಳುವುದು, ಹೋಟೆಲಿನ ಕೊಠಡಿಗೆ ಒಂಟಿಯಾಗಿ ಬರಹೇಳುವುದು, ಮಾನಕ್ಕೆ ಕುಂದು ತರುವ ಚಿತ್ರಗಳನ್ನು ಬೇಡುವುದು, ಇವುಗಳಲ್ಲಿ ಒಂದು ಕಂಡರೂ ಹಿಂದಿರುಗತಕ್ಕದ್ದು.

ಹೆಸರಾಂತ ಸಂಸ್ಥೆಯ ಹೆಸರನ್ನೇ ಕದ್ದು ಕರೆಯುವವರೂ ಉಂಟು. ಆದಕಾರಣ ಕರೆದವರು ಕೊಟ್ಟ ದೂರವಾಣಿಗೆ ಮಾತನಾಡದೆ, ಆ ಸಂಸ್ಥೆಯ ಕಚೇರಿಯನ್ನೂ ಅದು ಹೆಸರಿಸಿದ ವ್ಯಾಪಾರಿಗಳನ್ನೂ ತಾವಾಗಿಯೇ ವಿಚಾರಿಸಬೇಕು. ಕರ್ನಾಟಕದ ಜಿಎಸ್‌ಟಿ ಸಂಖ್ಯೆಯು 29ರಿಂದ ಆರಂಭವಾಗಿ 15 ಅಕ್ಷರಾಂಕಗಳಷ್ಟು ಇರುತ್ತದೆ; ಅದು ಯಾರ ಹೆಸರಿನಲ್ಲಿದೆಯೆಂಬುದನ್ನು ಸರ್ಕಾರದ ಜಾಲತಾಣದಲ್ಲಿ ಯಾರಾದರೂ ನೋಡಬಹುದು. ಆದರೆ ನೋಂದಣಿಯು ವಿಳಾಸಕ್ಕೆ ಸಾಕ್ಷಿಯೇ ಹೊರತು ಪ್ರಾಮಾಣಿಕತೆಗೆ ಸಾಕ್ಷಿಯಲ್ಲ.

ಮಕ್ಕಳ ವಿಷಯದಲ್ಲಿ ಕಾನೂನು ಇನ್ನೂ ಕಟ್ಟುನಿಟ್ಟಾಗಿದೆ. 2017ರ ಕೇಂದ್ರ ನಿಯಮಗಳಂತೆ ಬಾಲಕಲಾವಿದರನ್ನು ಬಳಸುವ ನಿರ್ಮಾಪಕನು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿಯನ್ನು ಪಡೆಯಬೇಕು. ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸಕೂಡದು. ಸಂಪಾದನೆಯಲ್ಲಿ ಶೇಕಡಾ 20ರಷ್ಟನ್ನಾದರೂ ಮಗುವಿನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಠೇವಣಿಯಿಡಬೇಕು. ಈ ಮಾತನ್ನು ಎತ್ತಿದೊಡನೆ ಮುಖ ತಿರುಗಿಸುವವರ ಕೈಗೆ ಮಗುವನ್ನು ಒಪ್ಪಿಸಬಾರದು.

ಮೋಸಹೋದವರು ನಾಚಿಕೆಯಿಂದ ಬಾಯಿ ಮುಚ್ಚಿಕೊಳ್ಳುವುದೇ ಮೋಸಗಾರನ ದೊಡ್ಡ ಬಂಡವಾಳ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಂತೆ, ವಂಚಿಸಿ ಹಣ ಪಡೆದವರಿಗೆ 7 ವರ್ಷಗಳವರೆಗೆ ಸೆರೆಯುಂಟು. ಮೊಬೈಲಿನ ಮೂಲಕ ಹಣ ಹೋಗಿದ್ದರೆ ಕೂಡಲೇ 1930ಕ್ಕೆ ತಿಳಿಸಬೇಕು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ಆದರೆ ಶಿಕ್ಷೆಯೊಂದೇ ಸಾಲದು. ಅಮೆರಿಕಾದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕಲಾವಿದರಿಗೆ ಕೆಲಸ ಕೊಡಿಸುವೆವೆಂದು ಮುಂಗಡ ಹಣ ಪಡೆಯುವುದನ್ನೇ 2010ರಿಂದ ನಿಷೇಧಿಸಿದ್ದಾರೆ. ಅಂತಹುದೇ ಸ್ಪಷ್ಟ ನಿಷೇಧವನ್ನು ನಮ್ಮ ಸರ್ಕಾರದವರೂ ತರಬೇಕೆಂದು ಒತ್ತಾಯಿಸುತ್ತೇವೆ. ಅಲ್ಲಿಯವರೆಗೆ ತುಮಕೂರು ಜಿಲ್ಲೆಯ ಕಾಲೇಜುಗಳೂ ಪೋಲೀಸಿನವರೂ ಕೂಡಿ ವಿದ್ಯಾರ್ಥಿಗಳಿಗೆ ಈ ವಿಷಯಗಳನ್ನು ತಿಳಿಯಪಡಿಸಲಿ. ಯೌವನದ ಆಶೆಯು ನಾಡಿನ ಸಂಪತ್ತು. ಅದನ್ನು ಸುಲಿಯುವವರಿಗೆ ಬಾಗಿಲು ತೆರೆದಿಡುವ ಸಮಾಜವು ಮುಂದುವರಿಯಲಾರದು.