ಬಾಯಿಚಪಲಕ್ಕೆ ಕೋಲು ಮದ್ದಲ್ಲ

ಮಂಗಳೂರಿನ ಬೀದಿಯಲ್ಲಿ ನಾಯಿಮರಿಯ ಬಾಯಿಗೆ ಸಿಗದ ವಸ್ತುವಿಲ್ಲ. ಬೆಳಗ್ಗೆ ಸ್ಕೂಟರಿನ ಹಾರ್ನ್ ಕೇಳಿ ಗೇಟಿನಲ್ಲೇ ಕೊಂಡ ಬೂತಾಯಿ, ಬಂಗುಡೆಯ ತಲೆ, ಕಿವಿರು, ಕರುಳು ಹತ್ತು ಗಂಟೆಯೊಳಗೆ ತೆಂಗಿನ ಬುಡಕ್ಕೋ ಕಂಪೌಂಡಿನ ಆಚೆಗೋ ಬಿದ್ದಿರುತ್ತವೆ. ಕೋಳಿ ಅಂಗಡಿಯ ಹಿಂಬದಿ, ಹೋಟೆಲಿನ ಚರಂಡಿ, ಮದುವೆ ಹಾಲ್‌ನ ಎಂಜಲೆಲೆಯ ರಾಶಿ ಬೇರೆ. ಮರಿ ಅದರಲ್ಲೊಂದನ್ನು ಕಚ್ಚಿತೋ, ಬೆಲ್ಟು ಹಿಡಿದವರು ಕಿರುಚುತ್ತಾರೆ, ದವಡೆ ಬಿಡಿಸಿ ಬೆರಳು ತೂರಿಸುತ್ತಾರೆ, ಮೂತಿಗೆ ಎರಡು ಬಿಗಿಯುತ್ತಾರೆ. ತನ್ನದೇ ಹೇಲಿಗೆ ಬಾಯಿ ಹಾಕಿದರಂತೂ ಕೇಳುವುದೇ ಬೇಡ, ಕೋಲೇ ಹೊರಬರುತ್ತದೆ. ಈ ಹೊಡೆತ, ಕಿರುಚಾಟಗಳಿಂದ ಚಟ ಬಿಡುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಕೊಳಕು ಸಿಗದಂತೆ ನೋಡಿಕೊಳ್ಳುವುದು, ಬಾಯಿಂದ ಬಿಟ್ಟರೆ ಲಾಭವಿದೆ ಎಂದು ಕಲಿಸುವುದು, ಇವೆರಡನ್ನು ಬಿಟ್ಟು ಮೂರನೆಯ ದಾರಿಯಿಲ್ಲ.

ನಮ್ಮ ಕಣ್ಣಿಗೆ ಅಸಹ್ಯವಾದದ್ದು ನಾಯಿಯ ಪಾಲಿಗೆ ಬದುಕಿನ ಕ್ರಮ. ಮನುಷ್ಯರು ಬಿಸಾಡಿದ್ದನ್ನು ಹೆಕ್ಕಿ ತಿಂದೇ ಈ ಪ್ರಾಣಿ ನಮ್ಮ ಹತ್ತಿರ ಬಂತೆಂಬುದು ಅನೇಕ ವಿಜ್ಞಾನಿಗಳ ಅಭಿಮತ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ ಬೀದಿನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ದೊಡ್ಡ ನಾಯಿಗಳು ಮಾಂಸದ ವಾಸನೆ ಇದ್ದದ್ದನ್ನು ಆರಿಸಿಕೊಂಡವು, ಮರಿಗಳಲ್ಲಿ ಆ ಆಯ್ಕೆ ಕಾಣಲಿಲ್ಲ. ಅಂದರೆ ಯಾವುದು ತಿನ್ನತಕ್ಕದ್ದು ಎಂಬುದನ್ನು ಮರಿ ಬೆಳೆಯುತ್ತ ಕಲಿಯುತ್ತದೆ, ಹೀಗಾಗಿ ಕಲಿಸುವುದಕ್ಕೂ ಅವಕಾಶವಿದೆ. ನಾಯಿಯ ಬಾಲ ಡೊಂಕೇ ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು. ಹೇಲು ತಿನ್ನುವ ವಿಷಯ ಮಾತ್ರ ಕೊಂಚ ಬೇರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 16ರಷ್ಟು ನಾಯಿಗಳು ಈ ಚಟದಲ್ಲಿ ಪದೇ ಪದೇ ಸಿಕ್ಕಿಬಿದ್ದಿದ್ದವು. ಚಟ ಬಿಡಿಸಲೆಂದು ಮಾರುವ ಪುಡಿ, ಮಾತ್ರೆಗಳು ಫಲ ಕೊಟ್ಟದ್ದು ನೂರಕ್ಕೆ ಎರಡನ್ನು ಮೀರಲಿಲ್ಲ, ತರಬೇತಿಯ ಫಲವೂ ಹೇಳಿಕೊಳ್ಳುವಂತಿರಲಿಲ್ಲ. ಆ ನಾಯಿಗಳು ತಿನ್ನುತ್ತಿದ್ದುದು ಬಹುಪಾಲು ಎರಡು ದಿನ ಕಳೆಯದ ತಾಜಾ ಹೇಲನ್ನು. ಆದ್ದರಿಂದ ಅಂಗಡಿಯಲ್ಲಿ ದುಡ್ಡು ಸುರಿಯುವ ಬದಲು, ಮರಿ ಕೂತೆದ್ದ ಕೂಡಲೇ ಕಾಗದದಲ್ಲಿ ಬಾಚಿ ತೆಗೆಯುವುದೇ ಸರಿ.

ಹೊಡೆತ ಏಕೆ ತಿರುಗುಬಾಣವಾಗುತ್ತದೆ ಎಂದರೆ, ಅದರಿಂದ ಮರಿ ಕಲಿಯುವ ಪಾಠ ಒಂದೇ: ಮನುಷ್ಯ ಹತ್ತಿರ ಬರುವ ಮೊದಲೇ ನುಂಗಿಬಿಡಬೇಕು. ಜಗಿದು ಉಗುಳಬಹುದಾಗಿದ್ದ ಮೂಳೆ ಇಡಿಯಾಗಿ ಒಳಗೆ ಹೋಗುತ್ತದೆ. ನಾಳೆ ತಟ್ಟೆಯ ಬಳಿ ಮಗು ಬಂದರೂ ಗುರ್ ಎನ್ನುವ ನಾಯಿ ತಯಾರಾಗುವುದು ಹೀಗೆಯೇ. ಇದಕ್ಕೆ ಪ್ರತಿಯಾಗಿ ಮನೆಯೊಳಗೆ ಸಣ್ಣದೊಂದು ಅಭ್ಯಾಸ ಸಾಕು. ಮುಷ್ಟಿಯಲ್ಲಿ ಒಣ ಬಿಸ್ಕತ್ತಿನ ಚೂರು ಹಿಡಿದು ಮರಿಯ ಮೂಗಿಗೆ ಒಡ್ಡಬೇಕು. ಅದು ನೆಕ್ಕುತ್ತದೆ, ಕಾಲಲ್ಲಿ ಕೆರೆಯುತ್ತದೆ, ಹಲ್ಲೂ ತಾಗಿಸೀತು. ಮುಷ್ಟಿ ಬಿಚ್ಚಬಾರದು, ಮಾತೂ ಆಡಬಾರದು. ಬೇಸತ್ತು ಒಂದು ಕ್ಷಣ ಮೂತಿ ಹಿಂದೆಳೆದಾಗ ‘ಬಿಡು’ ಎಂದು, ಇನ್ನೊಂದು ಕೈಯಿಂದ ಬೇಯಿಸಿದ ಕೋಳಿಯ ಚಿಕ್ಕ ತುಂಡು ಕೊಡಬೇಕು. ಅದೇ ಆಟವನ್ನು ನೆಲದ ಮೇಲೆ, ಪಾದದಡಿಯಲ್ಲಿ, ಅಂಗಳದಲ್ಲಿ ಆಡಿಸಿ, ಕೊನೆಗೆ ರಸ್ತೆಗೆ ತರಬೇಕು. ಮೊದಲ ದಿನವೇ ಬಂದರಿನ ದಕ್ಕೆಯ ಹತ್ತಿರ ಪರೀಕ್ಷೆಗಿಟ್ಟರೆ ಸೋಲುವುದು ಮರಿಯಲ್ಲ, ಕಲಿಸಿದವರು.

ಇದು ಲಂಚ ಕೊಟ್ಟು ಸಾಕುವುದಲ್ಲವೇ ಎಂಬ ಆಕ್ಷೇಪವಿದೆ. ಮೊದಲಿಗೆ ಹೌದೆಂದೇ ಇಟ್ಟುಕೊಳ್ಳಿ. ಅಭ್ಯಾಸ ನೆಲೆಗೊಂಡಂತೆ ತುಂಡು ಅಪರೂಪವಾಗುತ್ತದೆ, ಮಾತಷ್ಟೇ ಉಳಿಯುತ್ತದೆ. ಇನ್ನೊಂದು ಆಕ್ಷೇಪ ಹೆಚ್ಚು ಬಲವಾದದ್ದು. ಬೀದಿನಾಯಿಗಳು ಇದನ್ನೇ ತಿಂದು ಗುಂಡುಕಲ್ಲಿನಂತಿವೆ, ಹಿಂದೆ ಮನೆಯಂಗಳದ ನಾಯಿ ಕುಚ್ಚಲಕ್ಕಿ ಗಂಜಿ, ಮೀನುಮುಳ್ಳು ತಿಂದೇ ಬಾಳಿತಲ್ಲ ಎನ್ನುತ್ತಾರೆ. ನಮಗೆ ಕಾಣುವುದು ಉಳಿದುಕೊಂಡ ನಾಯಿಗಳು ಮಾತ್ರ. ಅದೇ ಕೋಲ್ಕತ್ತದ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 364 ಬೀದಿಮರಿಗಳ ಪೈಕಿ ಏಳು ತಿಂಗಳು ಮುಟ್ಟಿದವು ಶೇ. 19 ಮಾತ್ರ. ಆ ಸಾವುಗಳಿಗೆ ಆಹಾರವೊಂದೇ ಕಾರಣವಲ್ಲ, ಹೆಚ್ಚಿನವುಗಳ ಹಿಂದೆ ಮನುಷ್ಯರೇ ಇದ್ದರು. ಆದರೂ ಬೀದಿಯಲ್ಲಿ ಮರಿಗೆ ಏನೂ ಆಗುವುದಿಲ್ಲವೆಂಬ ಮಾತು ನಿಲ್ಲುವುದಿಲ್ಲ. ಬೇಯಿಸಿದ ಕೋಳಿಮೂಳೆ ಸೀಳಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಇಲಿಪಾಷಾಣ ಸವರಿದ ತುಣುಕು ಯಾವ ಚರಂಡಿ ಬದಿಯಲ್ಲೂ ಇರಬಹುದು, ಮಳೆಗಾಲದ ಕೊಳಕು ನೀರಲ್ಲಿ ಇಲಿಜ್ವರದ ರೋಗಾಣುವೂ ಇರಬಹುದು. ಪಣಂಬೂರು, ತಣ್ಣೀರುಬಾವಿಯ ಮರಳಲ್ಲಿ ಬಲೆಯಿಂದ ಕೊಡವಿದ ಬೇಡದ ಮೀನುಗಳ ನಡುವೆ ಹೊಟ್ಟೆ ಉಬ್ಬಿಸಿಕೊಂಡ ಪಫರ್ ಮೀನು ಸಿಕ್ಕರಂತೂ ಅದರ ವಿಷಕ್ಕೆ ಪ್ರತಿಮದ್ದೇ ಇಲ್ಲ. ತರಬೇತಿ ಮುಗಿಯುವ ತನಕ ಉಸಿರಾಡಲು, ನೀರು ಕುಡಿಯಲು ಅಡ್ಡಿಯಾಗದ ಬುಟ್ಟಿಯಂಥ ಮೂತಿಕುಕ್ಕೆ ಹಾಕುವುದು ಕ್ರೌರ್ಯವೇನಲ್ಲ.

ಎಲ್ಲ ಹೊಲಸು ತಿನ್ನುವಿಕೆಯೂ ಚಟವಲ್ಲ. ಹೊಟ್ಟೆಯಲ್ಲಿ ಹುಳುವಿದ್ದರೂ, ಊಟ ಸಾಲದಿದ್ದರೂ, ದಿನವಿಡೀ ಬಾಲ್ಕನಿಯಲ್ಲಿ ಒಂಟಿಯಾಗಿ ಕೂಡಿಹಾಕಿದ್ದರೂ ಮರಿ ಮಣ್ಣು, ಬಟ್ಟೆ, ಹೇಲು ಯಾವುದನ್ನೂ ಬಿಡದು. ತಿಂದೂ ಸೊರಗುತ್ತಿದ್ದರೆ ಪಶುವೈದ್ಯರ ಹತ್ತಿರ ಹೋಗುವುದು ಮೊದಲ ಕೆಲಸ, ‘ಬಿಡು’ ಕಲಿಸುವುದು ಆಮೇಲೆ. ಇನ್ನು ಮೀನಿನ ತಲೆಯನ್ನು ಕಂಪೌಂಡಿನಾಚೆ ಎಸೆಯುವವರಲ್ಲಿ ನಾಯಿ ಸಾಕದವರೂ ಇದ್ದಾರೆ. ಅವರಲ್ಲಿ ಕೇಳಿಕೊಳ್ಳುವುದಿಷ್ಟೆ: ಮೀನು ಕೊಯ್ದದ್ದನ್ನು ಮುಚ್ಚಳವಿರುವ ಬಕೆಟ್ಟಿಗೆ ಹಾಕಿ, ಹಸಿಕಸದ ಜೊತೆ ಪಾಲಿಕೆಯ ಗಾಡಿಗೆ ಕೊಡಿ.